ಮಗ್ಗದ ಸದ್ದಿನೊಳಗೆ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಯಕುಮಾರ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ಗೆಳೆಯ ಮುರಳಿಯ ಹೆಡ್‌ಫೋನಿನ ಪೆಟ್ಟಿಗೆಯನ್ನು ಮತ್ತೆ ತೆರೆದ. ತೆರೆಯುವ ಮುಂಚೆ ಪಂಚೆಗೆ ಕೈ ಒರೆಸಿಕೊಂಡ. ಅದು ಮನೆಗೆ ಬಂದು ನಾಲ್ಕೈದು ದಿನವಾಗಿತ್ತು, ಆದರೂ ಮುಚ್ಚಳ ಎತ್ತುವ ಮುಂಚೆ ಪ್ರತಿ ಸಲವೂ ಹೀಗೇ ಮಾಡುತ್ತಿದ್ದ. ದೇವರ ಮನೆಗೆ ಹೋಗುವಾಗ ಇಷ್ಟು ಮಡಿ ಕಾಣೆ ಎಂದು ಹೆಂಡತಿ ಪ್ರಮೋದಾ ಒಂದು ಸಲ ಅಂದಿದ್ದಳು, ಅಂದು ಸುಮ್ಮನೆ ಒಳಗೆ ಹೋಗಿದ್ದಳು. ಮನೆಯೊಳಗೆ ಅವಳು ಆಡುವ ಮಾತೆಲ್ಲ ಇಷ್ಟೇ ಉದ್ದ. ಪೆಟ್ಟಿಗೆಯಲ್ಲಿ ಎರಡು ದೊಡ್ಡ ಬಟ್ಟಲು, ಅವುಗಳ ಮುಖಕ್ಕೆ ಕಪ್ಪು ಜಾಲರಿ. ಜಾಲರಿಯ ಹಿಂದೆ ಸಾಲಾಗಿ ಅಯಸ್ಕಾಂತಗಳು, ಅವುಗಳ ನಡುವೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಒಂದು ಹಾಳೆ. ಸಾಮಾನ್ಯ ಸ್ಪೀಕರಿನಲ್ಲಿ ನಡುಮಧ್ಯಕ್ಕೆ ನೂಕು ಬಿದ್ದರೆ ಉಳಿದದ್ದು ಅದರ ಹಿಂದೆ ಬರಬೇಕು. ಇದರಲ್ಲಿ ಹಾಳೆಯ ಮೂಲೆಮೂಲೆಯೂ ಒಂದೇ ಗಳಿಗೆಯಲ್ಲಿ ನಡುಗುತ್ತದೆ. ಇದನ್ನು ಮೊದಲ ಸಲ ಓದಿದಾಗ ಅವನ ಕಣ್ಣಿಗೆ ಬಂದದ್ದು ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು, ಅದರ ಸಾವಿರಾರು ಎಳೆಗಳು, ಎಲ್ಲಕ್ಕೂ ಒಂದೇ ಬಿಗಿ. ಮನುಷ್ಯ ಹೀಗೂ ಒಂದನ್ನು ಮಾಡಿದನಲ್ಲ ಎಂದು ಆವತ್ತಿನಿಂದ ಅವನಿಗೆ ಬೆರಗು ಹಿಡಿದದ್ದು ಇನ್ನೂ ಬಿಟ್ಟಿರಲಿಲ್ಲ.

ಅವನ ಹತ್ತಿರ ಇಂಥದೇ ಜಾತಿಯ ಸ್ವಂತದ್ದೊಂದು ಇತ್ತು, ಮರದ ಬಟ್ಟಲಿನದು. ಅದನ್ನು ಕೊಂಡು ಎಂಟು ತಿಂಗಳಾಗಿತ್ತು. ಮುರಳಿಯದು ಅದಕ್ಕಿಂತ ಬಹಳ ಮೇಲಿನ ದರ್ಜೆಯದು, ಅವನು ಕೊಳ್ಳುವ ಮಾತೇ ಇಲ್ಲ. ಆದರೆ ಇವರ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರ ಬಳಿ ಹೊಸದು ಬಂದರೂ ಅದು ಕೊರಿಯರಿನಲ್ಲಿ ಮನೆಯಿಂದ ಮನೆಗೆ ಸುತ್ತಬೇಕು, ಒಬ್ಬೊಬ್ಬರೂ ಒಂದು ವಾರ ಇಟ್ಟುಕೊಂಡು ಕೇಳಿ, ತಮ್ಮದರ ಜೊತೆ ಹೋಲಿಸಿ ಬರೆಯಬೇಕು. ದೇವನಹಳ್ಳಿಯ ಮುರಳಿ, ನೆಲಮಂಗಲದ ಆನಂದ್, ಹೀಗೆ ಒಂದಿಪ್ಪತ್ತು ಜನ. ಸೋಂಪುರದ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡುವ ಜಯಕುಮಾರನನ್ನು ಅಲ್ಲಿನ ಹುಡುಗರು ಕಿವಿ ಸಾಹೇಬ್ರು ಎಂದು ಬೆನ್ನ ಹಿಂದೆ ನಗುತ್ತಾರೆ. ಈ ಗುಂಪಿನಲ್ಲಿ ಮಾತ್ರ ಅವನ ಕಿವಿಗೆ ಬೆಲೆ. ಎರಡರ ನಡುವಿನ ಕೂದಲೆಳೆಯ ವ್ಯತ್ಯಾಸಕ್ಕೂ ಅವನು ಒಂದು ಮಾತು ಹುಡುಕಿ ಕೊಡುತ್ತಿದ್ದ. ತನ್ನದರಲ್ಲಿ ಮೃದಂಗದ ಎಡಭಾಗ ಮುದ್ದೆಯ ಹಾಗೆ ತುಂಬಿಕೊಂಡು ಬರುತ್ತದೆ, ಮುರಳಿಯದರಲ್ಲಿ ತೊಗಲಿನ ಮೇಲೆ ಬೆರಳು ಇಟ್ಟದ್ದು ಬೇರೆ, ತೆಗೆದದ್ದು ಬೇರೆ ಎಂದು ಕೇಳುತ್ತದೆ ಎಂದು ಬರೆದಾಗ ಆನಂದ್ ಕೈ ಮುಗಿಯುವ ಚಿತ್ರ ಕಳಿಸಿದ್ದ. ಅದನ್ನು ಜಯಕುಮಾರ ಬಸ್ಸಿನಲ್ಲಿ ಕೂತು ಹಲವು ಸಲ ತೆಗೆದು ನೋಡಿದ್ದ.

ಗುಂಪಿನ ಇನ್ನೊಂದು ಪದ್ಧತಿ, ಪ್ರತಿಯೊಬ್ಬರೂ ತಮ್ಮ ಬದುಕಿನ ಒಂದು ಸದ್ದನ್ನು ಹಿಡಿದು ಎಲ್ಲರಿಗೂ ಕೊಡಬೇಕು, ಹೋಲಿಸಲು. ಯಾರೋ ರೈಲು ಕೊಟ್ಟಿದ್ದರು, ಯಾರೋ ಒಗ್ಗರಣೆ. ಜಯಕುಮಾರ ಕೊಟ್ಟದ್ದು ಮಗ್ಗ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಅದಕ್ಕಿಂತ ಸಹಜವಾದದ್ದು ಯಾವುದೂ ಇರಲಿಲ್ಲ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಅಮ್ಮ ಅಕ್ಕಯಮ್ಮ ಇರುವ ತನಕ ಅವಳು ನೋಡಿಕೊಂಡಳು, ಈಗ ಪ್ರಮೋದಾ. ಗುಂಪಿಗೆ ಕಳಿಸುವುದಕ್ಕೆ ಎಂದು ಅವಳಿಗೆ ಮೊದಲೇ ಹೇಳಿ, ತಿಂಗಳ ಹಿಂದೆ ಒಂದು ಸಂಜೆ ಎರಡನೇ ಮಗ್ಗದ ಪಕ್ಕದ ಕಂಬಕ್ಕೆ ರೆಕಾರ್ಡರ್ ಕಟ್ಟಿ, ಸದ್ದು ಹಿಡೀತಾ ಇದೀನಿ ಎಂದು ಅವಳಿಗೆ ಸನ್ನೆ ಮಾಡಿ ತೋರಿಸಿ, ತನ್ನ ಹೆಜ್ಜೆಯ ಸದ್ದು ಬೀಳದಿರಲೆಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದ. ಅವಳು ತಲೆಯಾಡಿಸಿದ್ದಳು. ಲಾಳಿ ಆ ಕೊನೆಗೆ ಹೊಡೆದು ಈ ಕೊನೆಗೆ ಬರುವುದು, ಮರಕ್ಕೆ ಮರ ಬಡಿಯುವುದು, ಮೋಟಾರಿನ ಪಟ್ಟಿಯ ಚಿಟಚಿಟ. ಗುಂಪಿನವರು ಮೆಚ್ಚಿಕೊಂಡರು. ಒಳ್ಳೆಯ ಹೆಡ್‌ಫೋನಿಗೂ ಇದು ಬೆವರಿಳಿಸುತ್ತದೆ ಎಂದರು.

ಇವತ್ತು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿರುವಾಗ ಮುರಳಿಯ ಫೋನು ಬಂತು.

“ಗುರು, ನಿನ್ನ ಮಗ್ಗದ ಫೈಲ್‌ನಲ್ಲಿ ಯಾರೋ ಮಾತಾಡ್ತಾರೆ ಕಣೋ. ಗಮನಿಸಿದ್ಯಾ?”

“ಮಾತಾ? ಮಗ್ಗ ಓಡ್ತಿರುವಾಗ ಪಕ್ಕದಲ್ಲಿ ಕಿರುಚಿದ್ರೂ ಕೇಳಲ್ಲ ಮಾರಾಯ.”

“ನಾನೂ ಹಂಗೇ ಅನ್ಕೊಂಡಿದ್ದೆ. ನಿನಗೆ ಕಳಿಸೋ ಮುಂಚೆ ನನ್ನದರಲ್ಲಿ ಕೇಳ್ದಾಗ್ಲೇ ಅನುಮಾನ ಬಂತು. ಬಲಗಡೆ, ಸ್ವಲ್ಪ ಹಿಂದೆ. ಹೆಂಗಸಿನ ದನಿ. ಮಾತು ಯಾರದರಲ್ಲಿ ಎಷ್ಟು ಬಿಡಿಸಿ ಕೇಳುತ್ತೆ ಅಂತ ನಿನ್ನೆಯಿಂದ ಗುಂಪಿನಲ್ಲಿ ಪಂದ್ಯ ಹಾಕ್ಬಿಟ್ಟಿದೀವಿ. ನೋಡಿಲ್ವಾ? ಯಾರು ಅದು, ಕೆಲಸದವರಾ?”

ಬಾಯಲ್ಲಿ ನೊರೆ ಇತ್ತು. ಜಯಕುಮಾರ ಹೂಂ ಅಂದುಬಿಟ್ಟ. ಯಾಕೆ ಹಾಗಂದೆ ಎಂದು ಆಮೇಲೆ ಬಾಯಿ ಮುಕ್ಕಳಿಸುವಾಗ, ಇಡ್ಲಿ ತಿನ್ನುವಾಗ, ಪ್ರಮೋದಾ ಚಟ್ನಿ ಬಡಿಸಲು ಬಗ್ಗಿದಾಗ ಯೋಚಿಸಿದ. ಮನೆಯ ಹೆಂಗಸು ಮಗ್ಗ ಹಾಕುತ್ತಾಳೆ ಎಂದು ಆ ಜನಕ್ಕೆ ಹೇಳಲು ನಾಚಿಕೆಯಾಯಿತೇ? ಅವರೆಲ್ಲ ಅವನ ಮನೆಯನ್ನು ಹೇಗೆ ಕಲ್ಪಿಸಿಕೊಂಡಿದ್ದಾರೋ ಹಾಗೇ ಇರಲಿ ಎಂದು ಆಸೆಯೇ? ಎರಡೂ ಇರಬಹುದು. ಅವಳ ಕೈಯ ಮೇಲೆ ಬಣ್ಣದ ನೂಲಿನ ಒಂದು ಎಳೆ ಅಂಟಿಕೊಂಡಿತ್ತು. ಅದನ್ನು ನೋಡಿ ಅವನು ಕಣ್ಣು ತಟ್ಟೆಗೆ ಇಳಿಸಿದ.

ಮಗ್ಗ ಓಡುತ್ತಿದ್ದರೆ ಈ ಹೆಡ್‌ಫೋನು ಹಾಕಿಕೊಂಡು ಪ್ರಯೋಜನವಿಲ್ಲ. ಬೆನ್ನು ತೆರೆದ ಜಾತಿ ಇದು, ಹೊರಗಿನದೆಲ್ಲ ಒಳಗೆ ಬರುತ್ತದೆ. ಪುಣ್ಯಕ್ಕೆ ಲೈನ್ ರಿಪೇರಿ ಎಂದು ಹನ್ನೊಂದಕ್ಕೇ ಕರೆಂಟು ತೆಗೆದಿದ್ದರು, ಸಂಜೆಯ ತನಕ ಬರುವುದಿಲ್ಲ. ಪ್ರಮೋದಾ ಶೆಡ್ಡಿನಲ್ಲಿ ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾ ಕೂತಿದ್ದಳು. ಬೀದಿಯಲ್ಲಿ ಒಂದೇ ಒಂದು ಮಗ್ಗದ ಸದ್ದಿಲ್ಲದೆ, ಯಾರ ಮನೆಯಲ್ಲೋ ಪಾತ್ರೆ ಇಟ್ಟದ್ದು, ಕೋಳಿ ಕೆದಕಿದ್ದು ಎಲ್ಲ ಕೇಳುತ್ತಿತ್ತು. ಜಯಕುಮಾರ ಮೊದಲು ತನ್ನ ಮರದ ಬಟ್ಟಲಿನದನ್ನು ಹಾಕಿಕೊಂಡು ಮಗ್ಗದ ಫೈಲು ಹಚ್ಚಿದ. ಬಲಗಡೆ ಹಿಂದೆ ಎಂದು ಮುರಳಿ ಹೇಳಿದ ಜಾಗಕ್ಕೆ ಮನಸ್ಸನ್ನು ನೆಟ್ಟ. ಲಾಳಿಯ ಹೊಡೆತಗಳ ನಡುವೆ ಏನೋ ಮಂಜಾಗಿತ್ತು ನಿಜ. ಮೋಟಾರಿನ ಗುಂಯ್ ಎಂದು ಇಷ್ಟು ದಿನ ಬಿಟ್ಟಿದ್ದ. ಆಮೇಲೆ ಅದನ್ನು ತೆಗೆದಿಟ್ಟು ಮುರಳಿಯದನ್ನು ಎರಡೂ ಕೈಯಲ್ಲಿ ಎತ್ತಿ ತಲೆಗೆ ಇಳಿಸಿಕೊಂಡ.

ಮೊದಲಿಗೆ ಶೆಡ್ಡೇ ಬಂದು ಸುತ್ತ ನಿಂತಿತು. ಶೀಟಿನ ಮಾಡು ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯಿತು, ಗೋಡೆ ಎಲ್ಲಿಗೆ ಮುಗಿಯುತ್ತದೆ ಎಂಬುದು ತಿಳಿಯಿತು. ನಾಲ್ಕು ಮಗ್ಗ ನಾಲ್ಕು ಜಾಗದಲ್ಲಿ ಬೇರೆ ಬೇರೆಯಾಗಿ ಬಡಿಯುತ್ತಿದ್ದವು. ಮೂರನೆಯದರಲ್ಲಿ ಲಾಳಿ ಬಂದು ಬೀಳುವ ಪೆಟ್ಟಿಗೆ ಸಡಿಲವಾದದ್ದು, ಅಮ್ಮನ ಕಾಲದಿಂದ ಇದ್ದದ್ದು, ಅದೂ ಅಲ್ಲೇ ಇತ್ತು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಇತ್ತು. ಹುಟ್ಟಿದಾಗಿನಿಂದ ಕೇಳಿದ ಈ ಸದ್ದಿನಲ್ಲಿ ಬಿಡುವು ಎಂಬುದೊಂದು ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಆ ಬಿಡುವುಗಳಲ್ಲಿ, ಬಲಗಡೆ, ಸ್ವಲ್ಪ ಹಿಂದೆ, ಒಬ್ಬಳು ಹೆಂಗಸು ಮಾತಾಡುತ್ತಿದ್ದಳು. ಕೂಗುತ್ತಿರಲಿಲ್ಲ, ಹಾಡುತ್ತಿರಲಿಲ್ಲ; ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ, ನಿಲ್ಲಿಸದೆ, ತಡವರಿಸದೆ ಹೇಳುತ್ತಿದ್ದಳು. ತುಂಬ ಮಾತು ಬಲ್ಲವರ ಮಾತು ಅದು. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಇದ್ದರೂ ಅವನಿಗೆ ಆ ದನಿ ಯಾರದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಮ್ಮ ಮಗ್ಗದ ಮುಂದೆ ನಿಂತಾಗ ಬಾಯಾಡಿಸುತ್ತಲೇ ಇರುತ್ತಿದ್ದಳು. ಚಿಕ್ಕವನಾಗಿದ್ದಾಗ ಅವಳು ಏನೋ ತಿನ್ನುತ್ತಿದ್ದಾಳೆ ಎಂದುಕೊಂಡು ನನಗೂ ಕೊಡು ಎಂದು ಸೆರಗು ಎಳೆದಿದ್ದ. ಆ ಬೀದಿಯ ಹೆಂಗಸರೆಲ್ಲ ಹಾಗೇ. ಅತ್ತೆಯನ್ನು ಬೈಯಬೇಕಾದವಳು ಮಗ್ಗದ ಮುಂದೆ ಬೈಯುತ್ತಾಳೆ, ಅತ್ತೆ ಪಕ್ಕದ ಮಗ್ಗದಲ್ಲೇ ಇದ್ದರೂ. ಅಳಬೇಕಾದವಳು ಅಲ್ಲೇ ಅಳುತ್ತಾಳೆ. ಮೋಟಾರು ಹಾಕಿದ ಮೇಲೆ ಶೆಡ್ಡಿನಲ್ಲಿ ಆಡಿದ್ದು ಯಾರಿಗೂ ಸೇರುವುದಿಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕಂಬಕ್ಕೆ ಕಟ್ಟಿದ ರೆಕಾರ್ಡರಿನ ಎದುರಿಗೇ ಅವಳು ಮಾತಾಡಿದ್ದಾಳೆಂದರೆ ಆ ನಂಬಿಕೆ ಎಂಥದು. ಜಡಿಗೇನಹಳ್ಳಿಯ ಬೇಸಾಯಗಾರರ ಮನೆಯಿಂದ ಬಂದವಳು ಪ್ರಮೋದಾ. ಮಗ್ಗ ಹಾಕುವುದನ್ನು ಅಮ್ಮನಿಂದ ಕಲಿತಳು, ಇದನ್ನೂ ಕಲಿತಿರಬೇಕು. ಮಗಳು ನವ್ಯಶ್ರೀ ತುಮಕೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಇಬ್ಬರಲ್ಲಿ ಒಬ್ಬ ಸಂಜೆ ಬಂದವನೇ ಕಿವಿ ಮುಚ್ಚಿಕೊಳ್ಳುತ್ತಾನೆ.

ಅವನು ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಮೂರನೇ ಸಲಕ್ಕೆ ಮಾತುಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು.

“...ಕೇಳಿ ಇಲ್ಲಿ. ಅವತ್ತು ನಾನು ಮಗ್ಗ ನಿಲ್ಲಿಸ್ಬಿಟ್ಟು ಬಸ್ ಹತ್ತಿದ್ದೆ, ನಿಮಗೆ ಗೊತ್ತಿಲ್ಲ. ಎಲ್ಲಿಗೆ ಅಂತ ನನಗೂ ಗೊತ್ತಿರ್ಲಿಲ್ಲ. ಆವತಿ ಬೆಟ್ಟದ ಹಿಂದ್ಗಡೆ ಒಂದು ಹಳ್ಳಿ, ಬಸ್ಸು ಅಲ್ಲಿಗೇ ಕೊನೆ, ಇಳೀರಿ ಅಂದ, ಇಳಿದೆ. ಬಂಡೆ ಮೇಲೆ ಕೂತ್ಕೊಂಡೆ. ಕಿವಿ ಒಳಗೆ ಮಗ್ಗ ಓಡ್ತಾನೇ ಇತ್ತು. ಆಮೇಲೆ ಯಾವಾಗ್ಲೋ ನಿಂತ್ಹೋಗಿತ್ತು ಕಣ್ರೀ. ವಿಮಾನ ಮೇಲಕ್ಕೆ ಹೋಗ್ತಿತ್ತು, ಸದ್ದೇ ಇಲ್ಲ. ನಿಮ್ಮ ಹೆಸರು ಹೇಳ್ದೆ ಒಂದ್ಸಲ, ಜೋರಾಗಿ. ನಗು ಬಂತು. ಬಸ್ ಬಂತು. ಒಂದು ಬಸ್ಸು ಬಿಟ್ಟೆ. ವಾಪಸ್ ಹೋಗೋದೇ ಬೇಡ ಅನ್ನಿಸ್ತು. ನಿಮ್ಮ ಮೇಲೆ ಸಿಟ್ಟಲ್ಲ. ಯಾರ ಮೇಲೂ ಇಲ್ಲ. ಸುಮ್ನೆ ಬೇಡ ಅನ್ನಿಸ್ತು. ಆಮೇಲೆ ಇನ್ನೊಂದು ಬಸ್ ಬಂತು, ಹತ್ತಿದೆ. ದಾರಿಯೆಲ್ಲ ಅನ್ಕೊಂಡು ಬಂದೆ, ಎಲ್ಲಿಗೋಗಿದ್ದೆ ಅಂತ ಕೇಳ್ತೀರಾ ಅಂತ. ಕೇಳಿದ್ರೆ ಹೇಳ್ತಿದ್ದೆ...”

ಅಷ್ಟರಲ್ಲಿ ಎಳೆ ತುಂಡಾಗಿರಬೇಕು, ಹತ್ತಿರದ ಮಗ್ಗ ನಿಂತಿತು. ಅದು ನಿಂತದ್ದೇ ತಡ ಮಾತೂ ನಿಂತಿತು. ಉಳಿದ ಮೂರು ಮಗ್ಗಗಳ ಹಿಂದೆ ಅವಳ ಬಳೆ, ಅವಳ ಉಸಿರು, ನೂಲು ಕಚ್ಚಿ ತುಂಡರಿಸಿದ ಸಣ್ಣ ಸದ್ದು. ಇಷ್ಟು ಹತ್ತಿರದಿಂದ ಅವಳ ಉಸಿರನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ. ಫೈಲು ಅಲ್ಲಿಗೇ ಮುಗಿಯಿತು.

ಆ ದಿನ ಯಾವುದೆಂದು ಅವನಿಗೆ ತಟ್ಟನೆ ಗೊತ್ತಾಯಿತು, ಗೊತ್ತಾಗಬಾರದಿತ್ತು ಎನ್ನಿಸಿತು. ಮರದ ಬಟ್ಟಲಿನದು ಬಂದ ದಿನ. ಮನೆಯ ವಿಳಾಸಕ್ಕೆ ಬೇಡವೆಂದು ಕಾರ್ಖಾನೆಗೆ ತರಿಸಿಕೊಂಡು, ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದ. ಮನೆ ಹೊಕ್ಕರೆ ಮಗ್ಗದ ಸದ್ದಿಲ್ಲ. ಬೀದಿಯ ಆ ತುದಿಯಲ್ಲಿ ಮಗ್ಗ ಓಡುತ್ತಿದ್ದರೂ, ತಮ್ಮ ಮನೆಗೆ ಮಾತ್ರ ಕರೆಂಟು ಹೋಗಿದೆ, ಎಂಥ ಅದೃಷ್ಟ ಎಂದುಕೊಂಡ. ಸ್ವಿಚ್ಚು ಹಾಕಿ ನೋಡಲೂ ಇಲ್ಲ. ಪ್ರಮೋದಾ ನೂಲಿನ ಅಂಗಡಿಗೆ ಹೋಗಿರಬೇಕು. ಆ ಮೌನದಲ್ಲಿ ಕೂತು ಮೊದಲ ಸಲ ಆ ಹಾಳೆ ನಡುಗಿದ್ದನ್ನು ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತು, ಅದು ಸುಳ್ಳಲ್ಲ. ಕತ್ತಲಾಗುವ ಹೊತ್ತಿಗೆ ಬಾಗಿಲಲ್ಲಿ ಅವಳು ನಿಂತಿದ್ದಳು. ಸೀರೆಯ ಅಂಚಿಗೆ ಹುಲ್ಲಿನ ಮುಳ್ಳು ಅಂಟಿದ್ದವು, ಕಾಲು ಕೆಮ್ಮಣ್ಣಾಗಿತ್ತು. ಅವನು ಅದನ್ನು ಕಂಡಿದ್ದ. ಕಂಡೂ, ಒಂದು ನಿಮಿಷ ಇರು ಎಂಬಂತೆ ಕೈ ಎತ್ತಿ ತೋರಿಸಿದ್ದ, ಆಲಾಪ ಇನ್ನೂ ಮುಗಿದಿರಲಿಲ್ಲ. ಮುಗಿದ ಮೇಲೆ ನೋಡಿದರೆ ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವನು ಯಾವ ಮೌನಕ್ಕೆ ಕೈ ಮುಗಿದನೋ ಅದು ಅವಳು ಬಿಟ್ಟುಹೋದ ಮನೆಯ ಮೌನ.

ಫೋನು ತೆಗೆದು ಗುಂಪನ್ನು ನೋಡಿದ. ನಿನ್ನೆಯಿಂದ ಸಾಲು ಸಾಲು ಬಿದ್ದಿದ್ದವು. ಒಬ್ಬ ತನ್ನದರಲ್ಲಿ ದನಿ ಇದೆ, ಮಾತು ಇಲ್ಲ ಎಂದಿದ್ದ. ಇನ್ನೊಬ್ಬನದರಲ್ಲಿ ‘ಬಸ್ಸು’ ಎಂಬ ಒಂದೇ ಪದ. ಆನಂದ್ ತನ್ನ ಹೊಸದರಲ್ಲಿ ‘ಒಂದು ಬಸ್ಸು ಬಿಟ್ಟೆ’ ತನಕ ಬಿಡಿಸಿದ್ದ, ಅದಕ್ಕೆ ಚಪ್ಪಾಳೆಗಳು ಬಿದ್ದಿದ್ದವು. ಆಮೇಲೆ ಮುರಳಿ, ‘ವಾಪಸ್ ಹೋಗೋದೇ ಬೇಡ ಅನ್ನಿಸ್ತು’ ಎಂದು ಬರೆದು, ಈ ವಾಕ್ಯ ಪೂರ್ತಿ ಕೇಳಿದರೆ ಮಾತ್ರ ನಿಮ್ಮದು ಮೇಲಿನ ದರ್ಜೆಯದು ಎಂದು ಸೇರಿಸಿದ್ದ. ತಾರ ಸ್ವರದಲ್ಲಿ ಚೂಪು ಜಾಸ್ತಿಯಾದರೆ ‘ಬೇಡ’ ಎಂಬ ಪದ ಕಿವಿಗೆ ಕತ್ತರಿಸುತ್ತದಂತೆ. ಜಯಕುಮಾರ ಇವನ್ನೆಲ್ಲ ಓದುತ್ತಾ, ಅವರು ಹೇಳುವುದು ಸರಿ, ‘ಬೇಡ’ ಮುರಳಿಯದರಲ್ಲೂ ಸ್ವಲ್ಪ ಕತ್ತರಿಸುತ್ತದೆ ಎಂದು ಒಂದು ಗಳಿಗೆ ಯೋಚಿಸಿದ. ಯೋಚಿಸಿದ್ದು ತಿಳಿದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮುರಳಿಗೆ ಫೋನು ಮಾಡಿದ.

“ಆ ಫೈಲ್ ತೆಗೆದ್ಬಿಡು ಮುರಳಿ. ಎಲ್ಲರಿಗೂ ತೆಗೆಯೋಕೆ ಹೇಳು.”

“ಯಾಕೋ? ಅಷ್ಟು ಒಳ್ಳೇ ಟೆಸ್ಟು ಇನ್ನೊಂದು ಸಿಗಲ್ಲ ನಮಗೆ. ಆಗ್ಲೇ ಚೆನ್ನೈ ಗುಂಪಿನವರಿಗೂ ಕಳಿಸಾಯ್ತು. ಏನಾಯ್ತು ಗುರು, ಆ ಕೆಲಸದವರು ಏನಾದ್ರೂ ಅಂದ್ರಾ?”

ಏನೂ ಇಲ್ಲ ಎಂದು ಅವನು ಫೋನಿಟ್ಟ. ಹೇಳದೆ ಇದ್ದರೂ ಆದೀತು. ಪ್ರಮೋದಾಗೆ ಗೊತ್ತಾಗುವ ದಾರಿಯೇ ಇಲ್ಲ. ಸಂಜೆ ಕರೆಂಟು ಬರುತ್ತದೆ, ಅವಳು ಮೋಟಾರು ಹಾಕಿ ಹೇಳುವುದನ್ನು ಹೇಳಿಕೊಳ್ಳುತ್ತಾಳೆ. ಹೇಳಿದರೆ ಅದೂ ಹೋಗುತ್ತದೆ. ಇಡೀ ಮನೆಯಲ್ಲಿ ಅವಳಿಗೆ ಬಾಯಿ ಬಿಡಲು ಇದ್ದ ಒಂದು ಜಾಗವನ್ನು ತಾನೇ ಕೈಯಾರೆ ಮುಚ್ಚಿದ ಹಾಗೆ. ಹೇಳದಿದ್ದರೆ, ಅವಳ ಒಳಗಿನದನ್ನು ಊರೂರಿನ ಗಂಡಸರು ಹಿಂದೆ ಮುಂದೆ ಸರಿಸಿ ಕೇಳುತ್ತಿರುತ್ತಾರೆ, ಅವಳೊಬ್ಬಳಿಗೆ ಮಾತ್ರ ಗೊತ್ತಿರುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ಪಾಪ ಎಂದು ತೂಗುತ್ತಾ ಬಹಳ ಹೊತ್ತು ಕೂತ. ಆಮೇಲೆ ಲ್ಯಾಪ್‌ಟಾಪು, ಬ್ಯಾಟರಿಯ ಆ್ಯಂಪು, ಮುರಳಿಯ ಹೆಡ್‌ಫೋನು ಮೂರನ್ನೂ ಎದೆಗೆ ಅವುಚಿಕೊಂಡು ಹಿತ್ತಲು ದಾಟಿ ಶೆಡ್ಡಿಗೆ ಹೋದ.

ಪ್ರಮೋದಾ ತಲೆಯೆತ್ತಿದಳು. ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆಗೆ ಎಳೆ ಹೊಸೆಯುತ್ತಿದ್ದಳು, ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಕಿಟಕಿಯ ಬೆಳಕಿನಲ್ಲಿ ಹೊಸ ಹಾಸು ನೀರಿನ ಹಾಗೆ ಹೊಳೆಯುತ್ತಿತ್ತು.

“ಇದನ್ನ ಒಂದ್ಸಲ ಕೇಳು,” ಎಂದ.

“ಕೈ ಬೂದಿಯಾಗಿದೆ ರೀ.”

“ನಾನೇ ಹಾಕ್ತೀನಿ.”

ಅವಳ ತಲೆಯ ಮೇಲೆ ಅದನ್ನು ಇಟ್ಟ. ಕಿವಿಯ ಓಲೆಗೆ ತಾಗದ ಹಾಗೆ ಸರಿಮಾಡಿದ. ಹಚ್ಚಿ, ಎದುರಿನ ಮಗ್ಗಕ್ಕೆ ಒರಗಿ ನಿಂತು ಅವಳ ಮುಖ ನೋಡಿದ. ಮೊದಲು ಅವಳ ಕಣ್ಣು ಅರಳಿದವು, ಮಾಡಿನ ಕಡೆಗೆ ಹೋದವು, ಓಡದೆ ನಿಂತ ಮಗ್ಗಗಳನ್ನು ಒಂದೊಂದಾಗಿ ನೋಡಿದವು. ಅವಳ ಮುಖದ ಮೇಲೆ ಬಂದದ್ದು ಅವನದೇ ಬೆರಗು. ಅದನ್ನು ಕಂಡು ಅವನಿಗೆ ಸಂತೋಷವಾಯಿತು, ಇಂಥ ಹೊತ್ತಿನಲ್ಲಿ ಸಂತೋಷವಾಗುತ್ತಿದೆಯಲ್ಲ ಎಂದು ಹೆದರಿಕೆಯೂ ಆಯಿತು. ಆಮೇಲೆ ಅವಳು ಅಲುಗಾಡದೆ ಕೂತಳು. ತುಟಿ ಮಾತ್ರ ಕೇಳುತ್ತಿದ್ದುದರ ಜೊತೆಗೆ ಸ್ವಲ್ಪ ಸ್ವಲ್ಪ ಆಡುತ್ತಿತ್ತು. ಕೊನೆಗೆ ಬೂದಿಯ ಕೈಯಲ್ಲೇ ಅದನ್ನು ತೆಗೆದು ಹಾಸಿನ ಮೇಲೆ ಇಡದೆ, ಮಡಿಲಲ್ಲಿ ಇಟ್ಟುಕೊಂಡಳು. ಕಪ್ಪು ಜಾಲರಿಯ ಮೇಲೆ ಅವಳ ಬೆರಳಿನ ಗುರುತು ಬಿತ್ತು. ಅವನು ಒರೆಸಲು ಹೋಗಲಿಲ್ಲ.

“ಎಷ್ಟು ಜನ ಕೇಳಿದಾರೆ?” ಎಂದಳು.

“ಒಂದಿಪ್ಪತ್ತು. ಇನ್ನೂ ಜಾಸ್ತಿ ಇರ್ಬೋದು. ನನಗೆ ಗೊತ್ತಿರ್ಲಿಲ್ಲ ಪ್ರಮೋದಾ, ದೇವರಾಣೆ.”

“ಯಾರು ಅಂತ ಹೇಳಿದೀರಾ?”

“ಕೆಲಸದವರು ಅಂದೆ.”

ಅವಳು ಸ್ವಲ್ಪ ನಕ್ಕಳು. “ಅದೂ ನಿಜಾನೇ,” ಎಂದಳು. ಆಮೇಲೆ, “ಏನಂದ್ರು ಅವರು?”

“ತುಂಬಾ ಸ್ಪಷ್ಟವಾಗಿದೆ ಅಂದ್ರು. ಇಷ್ಟು ಸದ್ದಿನಲ್ಲೂ...”

“ಅದಲ್ಲ. ನಾನು ಹೇಳಿದ್ದಕ್ಕೆ ಏನಂದ್ರು?”

ಜಯಕುಮಾರನಿಗೆ ಆ ಸಾಲುಗಳೆಲ್ಲ ಕಣ್ಣ ಮುಂದೆ ಬಂದವು. ತಾರ, ಮಂದ್ರ, ಬಲಗಡೆ, ಹಿಂದೆ, ಕತ್ತರಿಸುತ್ತದೆ, ಕತ್ತರಿಸುವುದಿಲ್ಲ. ಇಪ್ಪತ್ತು ಜನರಲ್ಲಿ ಒಬ್ಬನೂ ಈ ಹೆಂಗಸು ಯಾಕೆ ಬಸ್ಸು ಬಿಟ್ಟಳು ಎಂದು ಕೇಳಿರಲಿಲ್ಲ. “ಯಾರೂ ಏನೂ ಅನ್ಲಿಲ್ಲ,” ಎಂದ.

“ನೀವು?”

ಎಲ್ಲಿಗೆ ಹೋಗಿದ್ದೆ ಎಂದು ಕೇಳಬೇಕಾಗಿತ್ತು. ಕೇಳುವ ಹಕ್ಕು ಈಗ ಉಳಿದಿರಲಿಲ್ಲ. ಅದನ್ನು ಯಂತ್ರ ಹೇಳಿಯಾಗಿತ್ತು, ಅವನು ಕೇಳಿಯಾಗಿತ್ತು. ಆದರೆ ಒಂದು ವಿಷಯ ಆ ಫೈಲಿನಲ್ಲಿ ಇರಲಿಲ್ಲ. ಯಾವ ಹೆಡ್‌ಫೋನು ಹಾಕಿಕೊಂಡರೂ ಅದು ಸಿಗುತ್ತಿರಲಿಲ್ಲ. ಅವನು ಅವಳ ಪಕ್ಕದಲ್ಲಿ, ನೆಲದ ಮೇಲೆ, ಕುಕ್ಕರುಗಾಲಿನಲ್ಲಿ ಕೂತ.

“ಇನ್ನೊಂದು ಬಸ್ ಬಂತು, ಹತ್ತಿದೆ ಅಂದ್ಯಲ್ಲ,” ಎಂದ. “ಅದನ್ನ ಯಾಕೆ ಹತ್ತಿದೆ?”

ಅವಳು ಅವನನ್ನು ನೋಡಿದಳು. ಬೀದಿಯಲ್ಲಿ ಯಾರೋ ಕೊಡ ಇಳಿಸಿದರು. ಉತ್ತರ ಬರುವ ತನಕ ಅವನು ಎಷ್ಟೋ ವಿಧದ ಉತ್ತರ ಊಹಿಸಿದ: ಮಗಳ ಹೆಸರು, ಒಲೆಯ ಮೇಲಿಟ್ಟ ಸಾರು, ಕಡೆಗೆ ನಾಚಿಕೆಗೇಡಿಯಾಗಿ ತನ್ನ ಹೆಸರನ್ನೂ.

“ಅದೇ ಕೊನೇ ಬಸ್ಸು ರೀ,” ಎಂದಳು ಪ್ರಮೋದಾ. “ಮೂರನೇದು ಇರ್ಲಿಲ್ಲ.”

ಹೇಳಿ ಅವಳು ಕೆಲಸದ ಕಡೆ ತಿರುಗಲಿಲ್ಲ. ಅವನೇನು ಹೇಳುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತಾ ಕೂತಳು.